ಮಾರಿಷಸ್‌ನ ಮೂರನೇ ಇಯತ್ತೆಯ ಕೋಣೆ

ಗಿರಿಜಾ, ಬಸೂ, ನನ್ನ ಮೊಮ್ಮಕ್ಕಳೇ, ನಿಮ್ಮ ಆಯಿ ಸಮುದ್ರ ದಾಟಿ ಬಂದವಳು ಎಂದು ಅಗರಖೇಡದ ಜನ ನನ್ನನ್ನು ಪರ ಊರಿನ ಬೀಗರಿಗೆ ತೋರಿಸುವುದುಂಟು. ಬೀಗರು ಏನೇನು ನೋಡಿದಿರಿ ಎಂದು ಕೇಳುತ್ತಾರೆ. ನಾನು ತಲೆಯ ಮೇಲಿನ ಸೆರಗು ಮುಂದೆಳೆದುಕೊಂಡು ಒಳಗೆ ಹೋಗುತ್ತೇನೆ. ನಾನು ನೋಡಿದ್ದರಲ್ಲಿ ಬಹುಪಾಲು ಬಾಗಿಲ ಸಂದಿಯಿಂದ ನೋಡಿದ್ದು. ಅದನ್ನು ಬೀಗರ ಮುಂದೆ ಹೇಗೆ ಹೇಳುವುದು? ನಾಲ್ಕನೇ ಇಯತ್ತೆಯವರೆಗೆ ಊರ ಶಾಲೆಯಲ್ಲಿ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ಬಾಯಿಂದ ಆಗದ್ದನ್ನು ನಿಮಗಾಗಿ ಬರೆದಿಡುತ್ತೇನೆ.

ಇಂಡಿ ರೋಡ್ ಸ್ಟೇಷನ್

ಮೊದಲ ಹೆರಿಗೆ ತವರಿನಲ್ಲಿ ಆಗಬೇಕು ಎಂಬುದು ನಮ್ಮ ರೂಢಿ. ಆದರೆ ನಿಮ್ಮ ಅವ್ವ ಶಾಂತಾ ಆಗ ಮಾರಿಷಸ್ ಎಂಬ ನಡುಗಡ್ಡೆಯಲ್ಲಿದ್ದಳು. ನಿಮ್ಮ ಅಪ್ಪ ಅಲ್ಲಿನ ಮಾಸ್ತರರಿಗೆ ಪಾಠ ಹೇಳುವ ಕೆಲಸಕ್ಕೆ ಹೋಗಿದ್ದರು. ಬಸುರಿ ಅಷ್ಟು ದೂರ ಹಡಗಿನಲ್ಲಿ ಬರುವುದು ಬೇಡ ಎಂದು ಡಾಕ್ಟರು ತಡೆದರು. ಮಗಳು ತವರಿಗೆ ಬರಲಾಗದಿದ್ದರೆ ತವರೇ ಮಗಳ ಹತ್ತಿರ ಹೋಗಬೇಕಲ್ಲ. ನಾನು ಹೊರಟೆ.

ನನ್ನ ಅಣ್ಣ ಸ್ಟೇಷನ್ನಿಗೆ ಬಿಡಲು ಬಂದ. ದಾರಿಯುದ್ದಕ್ಕೂ ಅವನದು ಒಂದೇ ಚೇಷ್ಟೆ. "ಪಾರವ್ವ, ಕೊಲ್ಹಾರದಾಗ ಹೊಳಿ ದಾಟುವಾಗ ಕಣ್ಣ ಮುಚ್ಚಿಕೊಂಡು, ದಂಡಿ ಬಂತೇನು, ದಂಡಿ ಬಂತೇನು ಅಂತ ಕೇಳಿದಾಕಿ ನೀ. ಸಮುದ್ರದಾಗ ಎಷ್ಟು ದಿನಾ ಹಂಗ ಕೇಳ್ತಿ?"

"ಮುದ್ದೇಬಿಹಾಳದ ನೀಲಮ್ಮ ಜೋಡಿಗೆ ಇದ್ದಾಳ. ಆಕಿನ್ನ ಕೇಳ್ತೇನಿ" ಅಂದೆ.

ನೀಲಮ್ಮನ ಗಂಡನೂ ನಿಮ್ಮ ಅಪ್ಪನಂತೆ ಅಲ್ಲಿ ಮಾಸ್ತರ. ಆಕೆ ಗಂಡನ ಹತ್ತಿರ ಹೊರಟಿದ್ದಳು. ನನ್ನ ಗಂಟಿನಲ್ಲಿ ಬಾಣಂತಿಗೆ ಅಂಟಿನ ಉಂಡೆ, ಕೂಸಿಗೆ ಹಳೆ ಸೀರೆಗಳಿಂದ ಹೊಲಿದ ಎರಡು ಕೌದಿ, ನೆಂಚಿಕೊಳ್ಳಲು ಶೇಂಗಾ ಹಿಂಡಿ, ಇಬ್ಬರಿಗೂ ಸಾಲುವಷ್ಟು ಜೋಳದ ಖಡಕ್ ರೊಟ್ಟಿ ಇದ್ದವು.

ಹಡಗು

ಹಡಗಿನ ಬಗ್ಗೆ ಹೇಳುವುದು ಬಹಳವಿಲ್ಲ. ನಾನು ಬಹಳ ಹೊತ್ತು ಮಲಗಿಯೇ ಇದ್ದೆ. ಎದ್ದು ಕುಳಿತ ದಿನ ರೊಟ್ಟಿಯ ಗಂಟು ಬಿಚ್ಚಿದೆ. ಮುರಿದರೆ ಚಟ್ಟೆಂದು ಸಪ್ಪಳಾಗಬೇಕಾದ ರೊಟ್ಟಿ ಚಪ್ಪಲಿಯ ತೊಗಲಿನಂತೆ ಬಾಗಿತು. ನಮ್ಮ ಬಿಸಿಲಿನಲ್ಲಿ ಬಟ್ಟೆಯಲ್ಲಿ ಕಟ್ಟಿಟ್ಟರೆ ತಿಂಗಳುಗಟ್ಟಲೆ ಇರುವ ರೊಟ್ಟಿ, ಸಮುದ್ರದ ಗಾಳಿಯ ಹಸಿ ಕುಡಿದು ಮೆತ್ತಗಾಗಿತ್ತು. ಅಂಚಿನಲ್ಲಿ ಬೂಸ್ಟು ಬೇರೆ.

ನೀಲಮ್ಮ ತನ್ನ ಬಿಸ್ಕೀಟಿನ ಡಬ್ಬಿ ತೆಗೆದಳು. ಮುಚ್ಚಳದ ಸಂದಿಗೆ ಮೇಣದ ಬತ್ತಿ ಕರಗಿಸಿ ಹಚ್ಚಿದ್ದಳು. ಒಳಗಿನ ರೊಟ್ಟಿ ಅಂದೇ ಬಡಿದಂತಿತ್ತು. ಒಂದನ್ನು ನನ್ನ ಕಿವಿಯ ಹತ್ತಿರ ಹಿಡಿದು ಮುರಿದಳು.

"ಕೇಳ್ರಿ ಅತ್ತೀ, ಮುದ್ದೇಬಿಹಾಳ ಮಾತಾಡಾಕತ್ತೈತಿ. ನಿಮ್ಮ ಅಗರಖೇಡ ಬಾಯಿ ಮುಚ್ಚಿತು."

ಬಂದರು ಬರುವ ತನಕ ನಾನು ಮುದ್ದೇಬಿಹಾಳದ ರೊಟ್ಟಿಯನ್ನೇ ತಿಂದೆ. ಪ್ರತಿ ಸಲವೂ ಆಕೆ ನನ್ನ ಕಿವಿಯ ಹತ್ತಿರವೇ ಮುರಿದಳು.

ಕಬ್ಬಿನ ನಡುವಿನ ಊರು

ಪೋರ್ಟ್ ಲೂಯಿ ಬಂದರಿನಲ್ಲಿ ನಿಮ್ಮ ಅಪ್ಪ ನಿಂತಿದ್ದರು. ನಾನು ಗಕ್ಕನೆ ನೀಲಮ್ಮನ ಹಿಂದೆ ಸರಿದೆ. ನಮ್ಮಲ್ಲಿ ಅತ್ತೆಯಾದವಳು ಅಳಿಯನ ಎದುರು ನಿಂತು ಮಾತಾಡುವುದಿಲ್ಲ. ಏನಿದ್ದರೂ ಬಾಗಿಲ ಮರೆಯಿಂದ, ಅದೂ ಮಗಳ ಹೆಸರು ಹಿಡಿದು ಹೇಳಬೇಕು. ಅಗರಖೇಡದ ನಮ್ಮ ಮನೆಯಂತಹ ದೊಡ್ಡ ಮನೆಯಲ್ಲಿ ಅದು ನಡೆಯುತ್ತದೆ. ನೀಲಮ್ಮ ಬಂದರಿನಿಂದಲೇ ಗಂಡನ ಊರಿಗೆ ಹೋದಳು. ನಾನು ಹೋದ ಊರಿನಲ್ಲಿ ನಿಮ್ಮ ಅಪ್ಪನ ಮನೆ ಎಷ್ಟಿತ್ತೆಂದರೆ, ಮುಂದೊಂದು ಪಡಸಾಲೆ, ಒಳಗೊಂದು ಕೋಣೆ, ಹಿತ್ತಲಲ್ಲಿ ತಗಡು ಹೊದಿಸಿದ ಒಲೆಮನೆ. ಗೋಡೆ ಹಲಗೆಯದು. ನಾನು ಒಳಕೋಣೆಯ ಕದದ ಹಿಂದೆ ನಿಂತು, "ಶಾಂತಾ, ಅವರಿಗೆ ಊಟಕ್ಕ ಏಳ್ರಿ ಅಂತ ಹೇಳು" ಅಂದರೆ, ಶಾಂತಾ ಹೇಳುವುದಕ್ಕೆ ಮೊದಲೇ ಅವರು ಎದ್ದಿರುತ್ತಿದ್ದರು.

ಒಂದು ದಿನ ಅವರೇ ಅಂದರು. "ಅತ್ತೀ, ನೀವು ಬಾಗಲ ಹಿಂದ ನಿಂತರ ನಾ ಯಾರ ಜೋಡಿ ಮಾತಾಡ್ಲಿ? ಕದದ ಜೋಡಿ ಏನು?"

"ಶಾಂತಾ, ಕದಕ್ಕ ಕಿವಿ ಚಲೋ ಕೇಳಸ್ತಾವು ಅಂತ ಹೇಳು" ಅಂದೆ. ಅವರು ಒಳ್ಳೇ ಮನುಷ್ಯ, ನಕ್ಕುಬಿಟ್ಟರು.

ಊರ ಸುತ್ತಲೂ ಕಬ್ಬು. ಎರೆಮಣ್ಣಿನ ಹೊಲದ ನಮಗೆ ಕಲ್ಲು ಬೇಕಾದರೆ ಹುಡುಕಿಕೊಂಡು ಹೋಗಬೇಕು. ಅಲ್ಲಿ ಹೊಲದಿಂದ ಆರಿಸಿ ಒಟ್ಟಿದ ಕರಿ ಕಲ್ಲಿನ ಗುಡ್ಡೆಗಳು ಕಬ್ಬಿಗಿಂತ ಎತ್ತರ. ಹೆಂಗಸರು ಸೀರೆ ಉಟ್ಟು, ತಲೆಗೆ ಹುಲ್ಲಿನ ಟೊಪ್ಪಿಗೆ ಹಾಕಿಕೊಂಡು ಕಬ್ಬಿನ ಕೆಲಸಕ್ಕೆ ಹೋಗುತ್ತಿದ್ದರು. ಬೆಳಿಗ್ಗೆ ಸೈಕಲ್ಲಿನ ಮೇಲೆ ಬ್ರೆಡ್ ಮಾರುವವನು ಬರುತ್ತಿದ್ದ. ಮನೆಯಲ್ಲಿ ಒಲೆಯಿದ್ದೂ ಬ್ರೆಡ್ ಕೊಳ್ಳುವ ಹೆಂಗಸರನ್ನು ಕಂಡು ನನಗೆ ಮೊದಮೊದಲು ಅಯ್ಯೋ ಅನಿಸಿತು. ಆಮೇಲೆ ನಾನೂ ಚಹಾದಲ್ಲಿ ಅದ್ದಿ ತಿಂದೆ, ಕದದ ಹಿಂದೆ ನಿಂತು.

ಆ ಊರಿನಲ್ಲಿ ಅರ್ಧ ಜನ ಮರಾಠಿ ಮಾತಿನವರು, ಅಜ್ಜ ಮುತ್ತಜ್ಜರ ಕಾಲದಲ್ಲಿ ಕಬ್ಬಿನ ಕೂಲಿಗೆ ಹೋದವರ ಮಕ್ಕಳು ಮೊಮ್ಮಕ್ಕಳು. ಉಳಿದರ್ಧ ಮುಸಲ್ಮಾನರು. ಭೀಮೆಯ ಆಚೆ ದಂಡೆ ನನ್ನ ತಾಯಿಯ ತವರು, ಹಾಗಾಗಿ ಮರಾಠಿ ನನಗೆ ಬರುತ್ತದೆ. ಇಂಡಿಯ ಸಂತೆಯಲ್ಲಿ ಕಲಿತ ಹಿಂದುಸ್ತಾನಿಯಿಂದ ಉಳಿದದ್ದು ನಡೆಯಿತು. ಅವರ ಮಾತನ್ನೆಲ್ಲ ಇಲ್ಲಿ ನಮ್ಮ ಮಾತಿನಲ್ಲೇ ಬರೆಯುತ್ತೇನೆ. ಹೋದ ಮೇಲೆ ನನಗೆ ಬೇಗ ತಿಳಿದದ್ದು ಒಂದು. ನಮ್ಮಲ್ಲಿ ಹಿರಿಯರು ಪ್ಲೇಗಿನ ಮುಂಚೆ, ಪ್ಲೇಗಿನ ನಂತರ ಎಂದು ಕಾಲ ಎಣಿಸುವಂತೆ ಅವರು ದೊಡ್ಡ ಗಾಳಿಯ ಮುಂಚೆ, ಗಾಳಿಯ ನಂತರ ಎಂದು ಎಣಿಸುತ್ತಿದ್ದರು. ಗಾಳಿ ಅಂದರೆ ಸಿಕ್ಲೋನ್. ನಮ್ಮ ಚಳಿಗಾಲ ಅವರ ಬೇಸಿಗೆ. ಆ ದಿನಗಳಲ್ಲಿ ಸಮುದ್ರದಿಂದ ಎದ್ದು ಬರುವ ಚಂಡಮಾರುತ. ಶಾಂತಾಳ ದಿನ ತುಂಬುವುದೂ ಆ ದಿನಗಳಲ್ಲೇ.

ಒಲೆಮನೆಯ ಮೇಲೆ ಕಲ್ಲು

ಗಾಳಿಯ ಸುದ್ದಿ ಕೇಳಿ ಕೇಳಿ ನನಗೆ ಸುಮ್ಮನೆ ಕೂರಲಾಗಲಿಲ್ಲ. ನಮ್ಮಲ್ಲೂ ಮುಂಗಾರಿನ ಮೊದಲು ಗಾಳಿ ಬೀಸಿ ತಗಡು ಹಾರುತ್ತವೆ. ಅದಕ್ಕೆ ನಾವೇನು ಮಾಡುತ್ತೇವೆ? ತಗಡಿನ ಮೇಲೆ ಕಲ್ಲು ಹೇರುತ್ತೇವೆ. ಇಂಡಿಯಿಂದ ಬಾಗೇವಾಡಿಯ ತನಕ ಕಲ್ಲಿಲ್ಲದ ತಗಡಿನ ಮಾಡು ನಾನು ನೋಡಿಲ್ಲ. ಅಲ್ಲಿ ಕಲ್ಲಿಗೇನು ಬರ? ನಿಮ್ಮ ಅಪ್ಪ ಕೆಲಸಕ್ಕೆ ಹೋದ ಹೊತ್ತಿಗೆ ಹಿತ್ತಲಿನ ಗುಡ್ಡೆಯಿಂದ ಒಂದೊಂದೇ ಹೊತ್ತು ತಂದು, ಏಣಿ ಹಚ್ಚಿ, ಒಲೆಮನೆಯ ತಗಡಿನ ಮೇಲೆ ಸಾಲಾಗಿ ಇಟ್ಟೆ. ಕೆಳಗಿಳಿದು ನೋಡಿದರೆ ಅಗರಖೇಡದ ಒಲೆಮನೆಯೇ ಅಲ್ಲಿ ಬಂದು ನಿಂತಂತಿತ್ತು. ಬಹಳ ಸಮಾಧಾನವಾಯಿತು.

ಪಕ್ಕದ ಮನೆಯ ಗಂಗಾಬಾಯಿ ಬೇಲಿಯಾಚೆಯಿಂದ ಇದನ್ನೆಲ್ಲ ನೋಡುತ್ತಿದ್ದರು. ನನಗಿಂತ ಹಿರಿಯರು, ಬಾಯಿ ಜೋರು. ಬೇಲಿ ಸರಿಸಿಕೊಂಡು ಬಂದು ಮಾಡಿನ ಕಡೆ ನೋಡಿದರು.

"ಪಾರವ್ವಾ, ಯಾರನ್ನ ಕೊಲ್ಲಾಕ ತಯಾರಿ ನಡಿಸೀರಿ?"

"ಗಾಳಿಗೆ ತಗಡು ಹಾರಬಾರದಂತ ಇಟ್ಟೇನ್ರಿ."

"ನಿಮ್ಮೂರ ಗಾಳಿ ತಗಡು ಎತ್ತತೈತಿ. ನಮ್ಮ ಗಾಳಿ ಕಲ್ಲನ್ನೂ ಎತ್ತತೈತಿ. ಆಮೇಲೆ ಆ ಕಲ್ಲು ಯಾರ ಮನಿಗೆ ಹೊಕ್ಕೀತು ಅಂತ ಕಲ್ಲಿಗೂ ಗೊತ್ತಿರಂಗಿಲ್ಲ."

ನನಗೆ ನಂಬಿಕೆ ಬರಲಿಲ್ಲ. ಅವರು ನನ್ನನ್ನು ತಮ್ಮ ಹಿತ್ತಲಿಗೆ ಕರೆದೊಯ್ದು ಮಾವಿನ ಮರ ತೋರಿಸಿದರು. ಬೊಡ್ಡೆಯಲ್ಲಿ ಒಂದು ತಗಡಿನ ತುಂಡು ನೆಟ್ಟಿತ್ತು. ಹಿಂದಿನ ದೊಡ್ಡ ಗಾಳಿಯಲ್ಲಿ ಎಲ್ಲಿಂದಲೋ ಹಾರಿ ಬಂದು, ಹಲ್ಲು ಹೊಕ್ಕಂತೆ ಹೊಕ್ಕು ಕೂತದ್ದು. ಮರ ಅದನ್ನು ಸುತ್ತುವರಿದು ಬೆಳೆದಿತ್ತು. ನಾನು ಕೈಯಿಂದ ಮುಟ್ಟಿ ನೋಡಿದೆ.

ಕಲ್ಲನ್ನೆಲ್ಲ ಇಬ್ಬರೂ ಸೇರಿ ಇಳಿಸಿದೆವು. ಅವರು ಹೇಳಿದಂತೆ ಮಾಡಿನ ತೊಲೆಗೆ ಕಬ್ಬಿಣದ ತಂತಿ ಬಿಗಿದು, ನೆಲದಲ್ಲಿ ಗೂಟ ಹೊಡೆದು ಕಟ್ಟಿದೆವು, ನಮ್ಮಲ್ಲಿ ಹುಲ್ಲಿನ ಬಣವೆಗೆ ಹಗ್ಗ ಬಿಗಿಯುವಂತೆ. ಸಂಜೆ ನಿಮ್ಮ ಅಪ್ಪ ಬಂದಾಗ ಗಂಗಾಬಾಯಿ ಬೇಲಿಯಾಚೆಯಿಂದಲೇ ಕೂಗಿ ಹೇಳಿದರು. "ಮಾಸ್ತರ, ನಿಮ್ಮ ಅತ್ತಿ ನಿಮ್ಮ ಒಲಿಮನಿ ಮ್ಯಾಲೆ ತೋಪಿನ ಗುಂಡು ಏರಿಸಿದ್ದರು. ನಾನು ಇಳಿಸೇನಿ."

ಕೀಲಿಕೈ ಇಲ್ಲದ ಭಾನುವಾರ

ಆ ಊರಿನಲ್ಲಿ ಎರಡು ಸಂಘಗಳಿದ್ದವು. ಮರಾಠಿಯವರ ಮಂಡಳಿ ಒಂದು, ಮುಸಲ್ಮಾನರ ಅಂಜುಮನ್ ಒಂದು. ಗಾಳಿಯ ಕಾಲ ಬರುವ ಮೊದಲು ಸಂಘಗಳು ಅಣಿಯಾಗಿರಬೇಕು ಎಂದು ಸರಕಾರದ ಅಪ್ಪಣೆಯಾಗಿತ್ತು. ಆಗ ಇನ್ನೂ ಅಲ್ಲಿ ಇಂಗ್ಲಿಷರ ಆಳಿಕೆ. ಊರಿನಲ್ಲಿ ಗಟ್ಟಿ ಕಟ್ಟಡವೆಂದರೆ ಹೊಸದಾಗಿ ಕಟ್ಟಿದ ಸಿಮೆಂಟಿನ ಶಾಲೆ. ಪೊಲೀಸ್ ಠಾಣೆಯ ಕಂಬದ ಮೇಲೆ ಕೆಂಪು ಬಾವುಟ ಏರುತ್ತ ಹೋಗುತ್ತವೆ: ಒಂದು ಏರಿದರೆ ಗಾಳಿ ದೂರದಲ್ಲಿದೆ, ನಾಲ್ಕು ಏರಿದರೆ ಬಂದೇಬಿಟ್ಟಿತು. ಮೂರನೆಯದು ಏರುತ್ತಲೇ ಹಲಗೆಮನೆಯವರೆಲ್ಲ ಶಾಲೆಗೆ ಹೋಗಿ ಸೇರಬೇಕು. ಇಂಗ್ಲಿಷ್ ಬರೆಯಬಲ್ಲವರೆಂದು ನಿಮ್ಮ ಅಪ್ಪನನ್ನು ಎರಡೂ ಸಂಘಗಳ ನಡುವೆ ಕಾರ್ಯದರ್ಶಿ ಮಾಡಿದ್ದರು. ಅವರು ಒಂದು ಭಾನುವಾರ ತಾಲೀಮು ಇಟ್ಟರು. ಗಾಳಿ ಬಂದಿದೆ ಎಂದುಕೊಂಡು ಊರೆಲ್ಲ ಶಾಲೆಗೆ ನಡೆಯಬೇಕು.

ಊರೆಲ್ಲ ನಡೆಯಿತು. ಮುದುಕರು, ಕೂಸುಗಳು, ಕೋಳಿ ಬುಟ್ಟಿ, ಟ್ರಂಕು. ಶಾಲೆಯ ಬಾಗಿಲಿಗೆ ಬೀಗ. ಕೀಲಿಕೈ ಅಂಜುಮನ್‌ನವರ ಹತ್ತಿರ ಇದೆ ಎಂದು ಮಂಡಳಿಯವರು, ಮಂಡಳಿಯವರ ಹತ್ತಿರ ಇದೆ ಎಂದು ಅಂಜುಮನ್‌ನವರು. ಅದು ಇದ್ದದ್ದು ಶಾಲೆಯ ಕಾವಲಿನವನ ಹತ್ತಿರ, ಆತ ಹೆಂಡತಿ ಮಕ್ಕಳೊಂದಿಗೆ ಸಮುದ್ರಕ್ಕೆ ಮೀನು ಹಿಡಿಯಲು ಹೋಗಿದ್ದ. ಬಿಸಿಲು ನೆತ್ತಿ ಸುಡುತ್ತಿತ್ತು.

ಮಂಡಳಿಯ ಹಿರಿಯ ರಾಮಾಜಿ ಸರ್ದಾರರು ಬಿಳಿ ಮೀಸೆಯ ಗತ್ತಿನ ಮನುಷ್ಯ, ಹಿಂದೆ ಕಬ್ಬಿನ ಕೂಲಿಗಳ ಮೇಲ್ವಿಚಾರಕ. ಗಂಗಾಬಾಯಿಯ ತಮ್ಮ. ಅವರು ಬೀಗ ಅಲುಗಾಡಿಸಿ ನಿಮ್ಮ ಅಪ್ಪನ ಕಡೆ ತಿರುಗಿದರು. "ಮಾಸ್ತರ, ಸಿಕ್ಲೋನಿಗೆ ಒಂದು ಮಾತು ಹೇಳಿ ಕಳಸ್ರಿ. ಮುಂದಿನ ವಾರ ಬಾ, ಈ ವಾರ ಕೀಲಿ ಇಲ್ಲ ಅಂತ."

ಕೀಲಿ ಬರುವ ಹೊತ್ತಿಗೆ ಮಧ್ಯಾಹ್ನವಾಯಿತು. ಒಳಗೆ ಹೋದರೆ ಒಂದು ಕೋಣೆಯಲ್ಲಿ ಕಿಟಕಿಗೆ ಬಡಿಯಲು ಮಂಡಳಿಯವರು ತಂದಿಟ್ಟ ಹಲಗೆ, ಹಗ್ಗ, ಕಂದೀಲು. ಇನ್ನೊಂದರಲ್ಲಿ ಅಂಜುಮನ್‌ನವರ ಹಲಗೆ, ಹಗ್ಗ, ಕಂದೀಲು. ಎರಡೂ ಕಡೆಯ ಕಂದೀಲಿನಲ್ಲಿ ಎಣ್ಣೆ ಇರಲಿಲ್ಲ. ಎಣ್ಣೆ ಅವರು ತರುತ್ತಾರೆ ಎಂದು ಇವರು, ಇವರು ತರುತ್ತಾರೆ ಎಂದು ಅವರು. ಉಳಿದ ಕೋಣೆಗಳಲ್ಲಿ ಜನ ಹೆಗಲಿಗೆ ಹೆಗಲು ತಾಗಿಸಿ ನಿಂತರು. ಶಾಂತಾ ಸಣ್ಣ ಮಕ್ಕಳ ಬೆಂಚಿನ ಮೇಲೆ ಅರ್ಧ ಕೂತು, ಅರ್ಧ ಗೋಡೆಗೆ ಆನಿದಳು. ಕಾಲು ಬಾತಿದ್ದವು. ಅವಳ ಮುಂದೆಯೇ ಯಾರದೋ ಕೋಳಿ ಬುಟ್ಟಿ.

ಅವಳು ನನ್ನ ಕೈ ಹಿಡಿದು ಸಣ್ಣಗೆ ಕೇಳಿದಳು. "ಅವ್ವಾ, ಖರೇನ ಗಾಳಿ ಬಂದ ದಿನಾನ ನನಗ ಬ್ಯಾನಿ ಸುರು ಆದರ?"

ನಾನು ಸುತ್ತ ನೋಡಿದೆ. ಮಲಗಲು ಒಂದು ಚಾಪೆಯಷ್ಟು ಜಾಗವಿರಲಿಲ್ಲ. ಮರೆ ಇರಲಿಲ್ಲ. ಆಸ್ಪತ್ರೆಯ ದಾರಿಯಲ್ಲಿ ಒಂದು ಹೊಳೆ. ಮಳೆ ಬಂದರೆ ಸೇತುವೆಯ ಮೇಲೆ ನೀರು ಹರಿಯುತ್ತದೆ ಎಂದು ಗಂಗಾಬಾಯಿ ಹೇಳಿದ್ದರು. ಭೀಮೆ ತುಂಬಿದಾಗ ಆಚೆ ದಂಡೆಯ ತವರು ನನಗೆ ಎಷ್ಟು ದೂರವಾಗುತ್ತಿತ್ತು ಎಂದು ನೆನಪಾಯಿತು. ಸೆರಗಿನಿಂದ ಅವಳ ಮುಖ ಒರೆಸಿದೆ.

ಪಡಸಾಲೆಯ ಸಭೆ

ತಾಲೀಮು ಹಾಗಾದದ್ದಕ್ಕೆ ಎರಡೂ ಸಂಘಗಳ ಹಿರಿಯರು ನಮ್ಮ ಪಡಸಾಲೆಯಲ್ಲಿ ಸೇರಿದರು. ನಾನು ಒಳಗೆ ಚಹಾ ಮಾಡಿ ಶಾಂತಾಳ ಕೈಯಲ್ಲಿ ಕಳಿಸಿ, ಕದದ ಹಿಂದೆ ನಿಂತೆ. ಗಂಗಾಬಾಯಿ ಹೊರಗಿನ ಮೆಟ್ಟಿಲ ಮೇಲೆ ಕುಳಿತಿದ್ದರು. ಕೀಲಿಕೈ ಎರಡು ಮಾಡಿಸುವುದು, ಸಂಘಕ್ಕೊಂದು ಎಂದಾಯಿತು. ಎಣ್ಣೆ ಯಾರು ತರಬೇಕು ಎಂದಾಯಿತು. ಕೋಳಿ ಬುಟ್ಟಿ ಒಳಗೋ ಹೊರಗೋ ಎಂಬುದಕ್ಕೆ ಬಹಳ ಹೊತ್ತು ಹೋಯಿತು.

"ಮತ್ತೇನು ಉಳೀತು?" ಎಂದು ಸರ್ದಾರರು ಎದ್ದರು.

ಉಳಿದವರೂ ಚಪ್ಪಲಿ ಹುಡುಕತೊಡಗಿದರು. ಪರ ಊರಿನ ಗಂಡಸರ ಮುಂದಿರಲಿ, ಸ್ವಂತ ಅಳಿಯನ ಮುಂದೂ ಬಾಯಿ ಬಿಡದವಳು ನಾನು. ಹೇಗೆ ಹೊರಬಿತ್ತೋ, ಮಾತು ಹೊರಬಿತ್ತು.

"ಹಡಿಯಾಕ ಆದಾಕಿ ಎಲ್ಲಿ ಮಲಗಬೇಕು, ಅಷ್ಟು ಕೇಳು ಶಾಂತಾ."

ಸರ್ದಾರರು ಸುತ್ತ ನೋಡಿದರು. "ಯಾರು ಮಾತಾಡಿದ್ದು?"

"ನಮ್ಮ ಅತ್ತಿಯವರು" ಎಂದು ನಿಮ್ಮ ಅಪ್ಪ ಕದ ತೋರಿಸಿದರು.

ಸರ್ದಾರರು ಕದಕ್ಕೆ ನಮಸ್ಕಾರ ಮಾಡಿದರು. ಎಲ್ಲರೂ ನಕ್ಕರು. "ಕದದವರಿಗೆ ಹೇಳ್ರಿ, ಗಾಳಿ ಬಂದ ದಿನಾ ಯಾರೂ ಹಡಿಯಂಗಿಲ್ಲ. ಎರಡು ದಿನಾ ತಡೀತಾರ."

"ಗಾಳಿ ನಿಮ್ಮನ್ನ ಕೇಳಿ ಬರತೈತೇನ್ರಿ?" ಎಂದೆ. ಈ ಸಲ ಶಾಂತಾಳ ಹೆಸರು ಹಿಡಿಯಲು ಮರೆತಿದ್ದೆ. "ಕೂಸೂ ಹಂಗ."

ನಗು ಇನ್ನೂ ಇತ್ತು. ಆಗ ಮೆಟ್ಟಿಲ ಮೇಲಿಂದ ಗಂಗಾಬಾಯಿ ತಿರುಗಿಯೂ ನೋಡದೆ ಹೇಳಿದರು. "ರಾಮಾ, ದೊಡ್ಡ ಗಾಳ್ಯಾಗ ಸಕ್ಕರಿ ಗಿರಣಿಯ ಗೋದಾಮಿನ್ಯಾಗ ನಿನ್ನ ಸೊಸಿ ಹಡದಳು. ಗಂಡಸರ ನಡುವ. ಗೋಣಿಚೀಲ ಮರೆಮಾಡಿ ಹಿಡಕೊಂಡು ನಿಂತಾಕಿ ನಾನು. ಸೂಲಗಿತ್ತಿ ತನ್ನ ಮನ್ಯಾಗ ಸಿಕ್ಕೊಂಡಿದ್ದಳು. ಸೊಸಿ ಉಳದಳು. ಕೂಸನ್ನ ಮಣ್ಣಿಗೆ ಒಯ್ದಾವ ನೀನ. ಈಗ ನಗು."

ನಗು ನಿಂತಿತು. ಸರ್ದಾರರು ಮತ್ತೆ ಕೂತರು. ಮಾತಾಡಿದಾಗ ದನಿ ಬೇರೆಯಾಗಿತ್ತು.

"ಮೂರನೇ ಇಯತ್ತೆಯ ಕೋಣಿ ಮೂಲ್ಯಾಗ ಐತಿ. ಕಿಟಕಿ ಸಣ್ಣವು. ಅದನ್ನ ಬಿಡೋಣು."

ಆದರೆ ಅದು ಅಂಜುಮನ್‌ನವರ ಹಲಗೆ ತುಂಬಿದ ಕೋಣೆ. ಅವರು ತಮ್ಮ ಹಲಗೆಯನ್ನು ಮಂಡಳಿಯವರ ಕೋಣೆಗೆ ತಂದು ಹಾಕುವುದು ಎಂದಾಯಿತು. ಹಲಗೆ ಕೂಡಿದ ಮೇಲೆ ಹಗ್ಗ ಬೇರೆ ಯಾಕೆ, ಎಣ್ಣೆ ಬೇರೆ ಯಾಕೆ ಎಂದು ಅವರಲ್ಲೇ ಯಾರೋ ಅಂದರು. ಅಂಜುಮನ್‌ನವರ ಪೈಕಿ ಮರಿಯಮ್‌ಬಿ ಎಂಬಾಕೆ ಸರಕಾರದಿಂದ ಕಲಿತ ಸೂಲಗಿತ್ತಿ. ಮೂರನೇ ಬಾವುಟ ಏರುತ್ತಲೇ ಆಕೆ ತನ್ನ ಚೀಲ ತೆಗೆದುಕೊಂಡು ಎಲ್ಲರಿಗಿಂತ ಮೊದಲು ಶಾಲೆಗೆ ಬರಬೇಕು, ಕರೆತರುವ ಹೊಣೆ ಮಂಡಳಿಯದು ಎಂದಾಯಿತು. ಹಡೆಯುವವಳಿಗೆ ಮಲಗಲು ಜಾಗ ಕೇಳಿದ್ದಕ್ಕೆ ಎರಡು ಸಂಘ ಒಂದಾಗುವುದನ್ನು ನಾನು ಕದದ ಸಂದಿಯಿಂದ ನೋಡಿದೆ.

ಹೊರಡುವಾಗ ಸರ್ದಾರರು ಕದದ ಹತ್ತಿರ ನಿಂತು ಅಂದರು. "ಕೋಣಿ ಕೊಟ್ಟೇವಿ. ಒಳಗಿನ ತಯಾರಿ ಹೆಣ್ಮಕ್ಕಳು ಮಾಡಬೇಕು. ಊಟದ್ದೂ ನೀವ ನೋಡ್ರಿ. ಹ್ವಾದ ಸಲ ಒಲಿ ಹತ್ತಲಿಲ್ಲ, ಬ್ರೆಡ್ ಬರಲಿಲ್ಲ, ಹುಡುಗರು ಹಸದು ಅತ್ತರು."

ರೊಟ್ಟಿ ಬಡಿದ ದಿನಗಳು

ಒಲೆ ಹಚ್ಚದೆ ತಿನ್ನುವುದು, ದಿನಗಟ್ಟಲೆ ಕೆಡದಿರುವುದು. ನಮ್ಮ ಕಡೆಯ ಹೆಂಗಸಿಗೆ ಇದರ ಉತ್ತರ ನಿದ್ದೆಯಲ್ಲೂ ಗೊತ್ತು. ಆದರೆ ಅಲ್ಲಿ ಜೋಳ ಇರಲಿಲ್ಲ. ಗೋವಿನಜೋಳದ ಹಿಟ್ಟು ಸಿಗುತ್ತಿತ್ತು. ಬಿಸಿನೀರು ಹಾಕಿ ನಾದಿ ಬಡಿದು ನೋಡಿದೆ. ಅಂಚು ಒಡೆಯಿತು. ಇನ್ನಷ್ಟು ನಾದಿದೆ. ಬಂತು. ಹಂಚಿನ ಮೇಲೆ ಬೇಯಿಸಿ, ಒಲೆಯ ಬದಿಗೆ ನಿಲ್ಲಿಸಿ ಒಣಗಿಸಿ, ಗಂಗಾಬಾಯಿಯ ಕಿವಿಯ ಹತ್ತಿರ ಮುರಿದೆ. ಚಟ್ಟೆಂದಿತು.

ನಮ್ಮಲ್ಲಿ ಮದುವೆ ಬಂದರೆ ಓಣಿಯ ಹೆಂಗಸರೆಲ್ಲ ಒಂದೇ ಮನೆಯಲ್ಲಿ ಕೂತು ರೊಟ್ಟಿ ಬಡಿಯುವುದಿಲ್ಲವೇ, ಹಾಗೆ ಮಾಡೋಣ ಅಂದೆ. ಮೂರನೇ ಇಯತ್ತೆಯ ಕೋಣೆಯಲ್ಲೇ ಕೂತೆವು. ಮಕ್ಕಳಿಗೆ ಆಗ ಬೇಸಿಗೆಯ ರಜೆ. ಮೊದಲ ದಿನ ಮಂಡಳಿಯ ಹೆಂಗಸರು ಒಂದು ಗೋಡೆಗೆ, ಅಂಜುಮನ್‌ನ ಹೆಂಗಸರು ಒಂದು ಗೋಡೆಗೆ ಕೂತರು. ಹಿಟ್ಟಿನ ಬುಟ್ಟಿ ಒಂದೇ ಇದ್ದದ್ದರಿಂದ ಸರಿದು ಸರಿದು ನಡುವಿಗೆ ಬಂದರು. ಬಡಿಯುವ ಕೈ ಯಾರಿಗೂ ಇರಲಿಲ್ಲ. ಒಬ್ಬಳ ರೊಟ್ಟಿ ಎಮ್ಮೆಯ ಕಿವಿಯಂತೆ, ಇನ್ನೊಬ್ಬಳದು ಹರಿದ ಚಪ್ಪಲಿಯಂತೆ.

ಮರಿಯಮ್‌ಬಿ ತನ್ನದನ್ನು ಎತ್ತಿ ತೋರಿಸಿದಳು. "ಪಾರವ್ವಾ, ಇದು ಏನು ಹೇಳ್ರಿ."

"ಮಾರಿಷಸ್ಸಿನ ನಕಾಶೆ" ಎಂದೆ. ಗೋಡೆಯ ಮೇಲೆ ಅದು ತೂಗುತ್ತಿತ್ತು, ನಿಜಕ್ಕೂ ಹಾಗೇ ಇತ್ತು.

"ಹಂಗಾದರ ಇದನ್ನ ಇಂಗ್ಲಿಷರಿಗೆ ಕೊಡಬ್ಯಾಡ್ರಿ. ನಾವ ತಿನ್ನೋಣು" ಎಂದಳು ಆಕೆ. ಕೋಣೆಯೆಲ್ಲ ನಕ್ಕಿತು. ನಾನು ಅಷ್ಟು ಜನರ ನಡುವೆ ಕೂತು ನಕ್ಕದ್ದು ನಿಮ್ಮ ಅಜ್ಜ ಹೋದ ಮೇಲೆ ಅದೇ ಮೊದಲು.

ಬಟ್ಟೆಯಲ್ಲಿ ಕಟ್ಟುವುದು ಬೇಡ ಎಂದು ಹಡಗು ನನಗೆ ಕಲಿಸಿತ್ತು. ಅಂಗಡಿಗಳಿಂದ ಖಾಲಿ ಬಿಸ್ಕೀಟಿನ ಡಬ್ಬಿ ಬೇಡಿ ತಂದು, ತುಂಬಿ, ಮುಚ್ಚಳದ ಸಂದಿಗೆ ಮೇಣ ಹಚ್ಚಿದೆವು. ಇದು ಮುದ್ದೇಬಿಹಾಳದ ಪದ್ಧತಿ ಎಂದು ಎಲ್ಲರಿಗೂ ಹೇಳಿದೆ. ಹಿಟ್ಟಿನ ಚೀಲಗಳನ್ನು ಬಿಚ್ಚಿ ಹೊಲಿದು ಕಿಟಕಿಗೆ ಪರದೆ ಮಾಡಿದೆವು. ನನ್ನ ಒಂದು ಕೌದಿ ಬಾಣಂತಿಯ ಹಾಸಿಗೆಗೆ, ಇನ್ನೊಂದು ಕೂಸಿಗೆ. ಕೋಣೆಯ ಕರಿ ಹಲಗೆಯ ಮೇಲೆ ರಜೆಗೆ ಮುಂಚಿನ ಒಂದು ಬೇರೀಜು, ಕೂಡಿಸುವ ಲೆಕ್ಕ, ಹಾಗೇ ಇತ್ತು. ಒರೆಸಲು ಯಾರಿಗೂ ಮನಸ್ಸಾಗಲಿಲ್ಲ.

ನಾಲ್ಕನೇ ಬಾವುಟ

ಗಾಳಿ ಬಂತು. ಎರಡು ಬಾವುಟ ಏರಿ ಇಳಿದ ಗಾಳಿಗಳು ಮೊದಲೇ ಬಂದು ಹೋಗಿದ್ದವು. ಇದು ಇಳಿಯಲಿಲ್ಲ. ಮೂರನೆಯದು ಏರಿದ ಬೆಳಿಗ್ಗೆ ಆಕಾಶ ತಾಮ್ರದ ಕೊಡದ ಬಣ್ಣಕ್ಕೆ ತಿರುಗಿತ್ತು. ಶಾಂತಾಳಿಗೆ ಸೊಂಟ ಎಳೆಯಲು ಶುರುವಾಗಿತ್ತು; ಬಾಯಿ ಬಿಟ್ಟು ಹೇಳಿರಲಿಲ್ಲ. ನಾವು ಶಾಲೆ ಮುಟ್ಟಿದಾಗ ಬಾಗಿಲು ತೆರೆದಿತ್ತು. ಮರಿಯಮ್‌ಬಿ ಚೀಲ ಮಗ್ಗುಲಿಗಿಟ್ಟುಕೊಂಡು ಮೂರನೇ ಇಯತ್ತೆಯ ಕೋಣೆಯಲ್ಲಿ ಕೂತಿದ್ದಳು. ಶಾಂತಾಳ ನಡಿಗೆ ನೋಡಿ ಎದ್ದು ಬಂದಳು.

"ನಿನ್ನ ಕೂಸಿಗೆ ತಾಲೀಮು ಬ್ಯಾಡಾಗಿತ್ತು. ಖರೇ ದಿನಾನ ಬಂತು" ಅಂದಳು.

ನಾಲ್ಕನೇ ಬಾವುಟ ಏರಿದ್ದನ್ನು ನಾನು ನೋಡಲಿಲ್ಲ, ಕೇಳಿದೆ. ನೂರು ಬೀಸುಕಲ್ಲು ಒಮ್ಮೆಗೇ ತಿರುಗಿದಂತಹ ಸಪ್ಪಳ, ಅದು ಏರುತ್ತಲೇ ಹೋಯಿತು. ಅಷ್ಟೊಂದು ಜನರ ಶಾಲೆಯಲ್ಲಿ ಸ್ಟವ್ ಹಚ್ಚಲು ನಮ್ಮ ಕೋಣೆಗೊಂದಕ್ಕೇ ಅಪ್ಪಣೆ. ಉಳಿದ ಕೋಣೆಗಳಲ್ಲಿ ಡಬ್ಬಿ ಒಡೆದು ರೊಟ್ಟಿ ಹಂಚುತ್ತಿದ್ದರು. ಗಾಳಿ ಉಸಿರು ತೆಗೆದುಕೊಂಡಾಗ ಮಾತ್ರ, ಆಚೆಯಿಂದ ಮಕ್ಕಳು ರೊಟ್ಟಿ ಮುರಿಯುವ ಚಟಚಟ ಕೇಳುತ್ತಿತ್ತು.

ನಮ್ಮ ಬಾಗಿಲಿನ ಅಗುಳಿ ಗಾಳಿಗೆ ಸಡಿಲಾಯಿತು. ಕದ ಒಳಕ್ಕೆ ಬಡಿಯತೊಡಗಿತು. ಆಮೇಲೆ ಒಮ್ಮೆಲೇ ನಿಂತಿತು. ಆಚೆಯಿಂದ ರಾಮಾಜಿ ಸರ್ದಾರರ ದನಿ. "ಅಂಜಬ್ಯಾಡ್ರಿ. ಹಿಡಿಕಿ ಎಳಕೊಂಡು ನಿಂತೇವಿ, ನಾನು, ನಿಮ್ಮ ಅಳಿಯಾ. ಒಳಗ ನೋಡಂಗಿಲ್ಲ. ಏನು ಬೇಕು ಹೇಳ್ರಿ."

"ನೀರು ತರಸ್ರಿ" ಎಂದೆ. ನೀರು ಬಂತು. "ಇನ್ನೊಂದು ಕಂದೀಲು" ಎಂದೆ. ಅದೂ ಬಂತು, ಎಣ್ಣೆ ತುಂಬಿಕೊಂಡು. ಕದದ ಹಿಂದಿನಿಂದ ಎಷ್ಟೋ ವರ್ಷ ಮಾತಾಡಿದ್ದೆ. ಆ ದಿನ ಮೊದಲ ಸಲ ಆಚೆಯವರು ಹೇಳಿದಂತೆ ಕೇಳಿದರು.

ಮಧ್ಯಾಹ್ನ ಗಾಳಿ ಗಪ್ಪನೆ ನಿಂತಿತು. ಬಿಸಿಲೂ ಬಂತು. ಮುಗಿಯಿತೆಂದು ಕೆಲವರು ಮನೆ ನೋಡಲು ಎದ್ದರು. "ಯಾರೂ ಹೊರಗ ಹೋಗಬ್ಯಾಡ್ರಿ. ಇದು ಗಾಳಿಯ ಕಣ್ಣು. ಇನ್ನೊಂದು ದಿಕ್ಕಿನಿಂದ ತಿರುಗಿ ಬರತೈತಿ" ಎಂದು ಗಂಗಾಬಾಯಿ ಬಾಗಿಲಿಗೆ ಅಡ್ಡ ನಿಂತರು. ಹಾಗೇ ಆಯಿತು. ತಿರುಗಿ ಬಂದ ಗಾಳಿಯ ಜೋರಿನಲ್ಲಿ ಶಾಂತಾ ಕೂಗಿದ್ದು ನನಗೇ ಕೇಳಿಸಲಿಲ್ಲ, ಬಾಯಿ ತೆರೆದದ್ದು ಕಂಡಿತು. ಆಮೇಲೆ ಇನ್ನೊಂದು ದನಿ ಕೇಳಿಸಿತು. ಅದು ಆ ಗಾಳಿಗಿಂತ ಜೋರಿತ್ತು, ಗಿರಿಜಾ. ನಿನ್ನ ದನಿ ಈಗಲೂ ಹಾಗೇ ಇದೆ.

ಮರಿಯಮ್‌ಬಿ ನಿನ್ನನ್ನು ಒರೆಸಿ ನನ್ನ ಕೈಗಿಟ್ಟಳು. ಆಚೆಯಿಂದ ಸರ್ದಾರರು ಕೇಳಿದರು. "ಎರಡೂ ಜೀವ ಉಳದಾವೇನ್ರಿ?"

ನಾನು ಕದದ ಈಚೆಯಿಂದ ಹೇಳಬಹುದಿತ್ತು. ಹೇಳಲಿಲ್ಲ. ಗಾಳಿ ಇಳಿಯುವ ತನಕ ಕಾದು, ನಿನ್ನನ್ನು ಕೌದಿಯಲ್ಲಿ ಸುತ್ತಿ, ಕದ ತೆರೆದು ಹೊಸ್ತಿಲ ಮೇಲೆ ನಿಂತೆ. ಎದುರಿಗೆ ಸರ್ದಾರರು, ಅವರ ಮಗ್ಗುಲಲ್ಲಿ ನಿಮ್ಮ ಅಪ್ಪ. ಸೆರಗು ಹೆಗಲಿಗೆ ಜಾರಿತ್ತು, ಎಳೆದುಕೊಳ್ಳಲು ಕೈ ಖಾಲಿ ಇರಲಿಲ್ಲ.

"ನೋಡ್ರಿ, ನಿಮ್ಮ ಮಗಳು" ಎಂದೆ, ಅಳಿಯನ ಮುಖ ನೋಡಿ. ಶಾಂತಾಳ ಹೆಸರು ನಡುವೆ ಬರಲಿಲ್ಲ.

ಸರ್ದಾರರು ನಿನ್ನನ್ನು ಮುಟ್ಟಲಿಲ್ಲ. ಗೋಡೆಯ ಕಡೆ ತಿರುಗಿ ಮೀಸೆ ಒರೆಸಿಕೊಂಡರು.

ಊರಿಗೆ ಹೋಗಿ ನೋಡಿದರೆ ಬಹಳ ಮಾಡು ಹೋಗಿದ್ದವು, ಕಬ್ಬೆಲ್ಲ ಮಲಗಿತ್ತು. ಜೀವ ಒಂದೂ ಹೋಗಿರಲಿಲ್ಲ. ನಮ್ಮ ಒಲೆಮನೆಯ ಒಂದೇ ಒಂದು ತಗಡು ಕಿತ್ತು ಗಂಗಾಬಾಯಿಯ ಹಿತ್ತಲಲ್ಲಿ ಬಿದ್ದಿತ್ತು. ಅದರ ಮೇಲೆ ಕಲ್ಲಿದ್ದರೆ ಎಂದು ಅವರು ಮುಂದೆ ಬಹಳ ದಿನ ನನ್ನನ್ನು ಆಡಿಕೊಂಡರು.

ಸಿಂದಗಿ

ನಿಮ್ಮ ಅಪ್ಪನ ಕೆಲಸದ ಅವಧಿ ಮುಗಿದು ಎಲ್ಲರೂ ಸಿಂದಗಿಗೆ ಬಂದದ್ದು, ಗಿರಿಜಾ, ನಿನಗೆ ಅಷ್ಟಿಷ್ಟು ನೆನಪಿರಬೇಕು. ಬಸು ಹುಟ್ಟಿದ್ದು ಇಲ್ಲಿ ಅಗರಖೇಡದಲ್ಲಿ, ತವರಿನಲ್ಲಿ, ರೂಢಿಯಂತೆ. ಮೊನ್ನೆ ನಿನ್ನನ್ನು ಶಾಲೆಗೆ ಹಚ್ಚಲು ನಾನೇ ಬಂದೆನಲ್ಲ. ಅಲ್ಲಿ ಆದದ್ದನ್ನು ನೀನು ನಿನ್ನ ಅವ್ವನಿಗೆ ಅರ್ಧ ಹೇಳಿದ್ದೀ. ಉಳಿದರ್ಧ ನಾನು ಬರೆಯುತ್ತೇನೆ.

ಹಳೆ ಚಾಳಿ. ನಾನು ಬಾಗಿಲ ಚೌಕಟ್ಟಿನ ಹೊರಗೇ ನಿಂತಿದ್ದೆ. ಮಾಸ್ತರರು ಒಳಗಿನಿಂದ ಕೇಳಿದರು. "ಹುಡುಗಿ ಎಲ್ಲಿ ಹುಟ್ಟ್ಯಾಳ್ರಿ?"

"ಸಾಲ್ಯಾಗ್ರಿ."

"ಅವ್ವಾರ, ಸಾಲಿಗೆ ಈಗ ಬಂದಾಳ. ನಾ ಕೇಳಿದ್ದು ಹುಟ್ಟಿದ್ದು ಎಲ್ಲಿ ಅಂತ."

"ಅದನ್ನ ಹೇಳಾಕತ್ತೇನ್ರಿ. ಸಾಲ್ಯಾಗ, ಮೂರನೇ ಇಯತ್ತೆಯ ಕೋಣ್ಯಾಗ. ಕರಿ ಹಲಗಿ ಮ್ಯಾಲೆ ಬೇರೀಜು ಲೆಕ್ಕ ಇತ್ತು."

ಹುಡುಗರೆಲ್ಲ ನಕ್ಕರು. ನೀನು ಮಾತ್ರ ನಗಲಿಲ್ಲ, ತಲೆಯೆತ್ತಿ ನನ್ನನ್ನೇ ನೋಡಿದೆ. ಮಾಸ್ತರರು ಹುಡುಗರನ್ನು ಸುಮ್ಮನಿರಿಸಿ, ಕನ್ನಡಕ ತೆಗೆದಿಟ್ಟರು. "ಹೊರಗ ನಿಂತು ಹೇಳಿದರ ಇದು ತಿಳಿಯೂ ಮಾತಲ್ರಿ. ಒಳಗ ಬಂದು ಕುಂತು ಹೇಳ್ರಿ."

ನಾನು ಹೊಸ್ತಿಲು ದಾಟಿ ಒಳಗೆ ಹೋದೆ. ಸಣ್ಣ ಮಕ್ಕಳ ಮಣೆಯ ಮೇಲೆ, ಎಲ್ಲರಿಗೂ ಮುಖ ಮಾಡಿ ಕೂತು, ಒಲೆಮನೆಯ ಮೇಲೆ ಕಲ್ಲಿಟ್ಟ ದಿನದಿಂದ ಶುರು ಮಾಡಿದೆ.